ತರವಡದ ಹೂವು, ಅತ್ತೆಯ ನೇಮ

ಹೂವು ತಂದ ದಿನ ನನಗೆ ಮನೆಯಲ್ಲಿ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ತರವಡದ ಹೂವನ್ನು ಕಿತ್ತ ಮೇಲೆ ಬೇಗ ನೆರಳಿನಲ್ಲಿ ಹರವಿ ಒಣಗಿಸಬೇಕು. ತಡವಾದರೆ ಚೀಲದೊಳಗೇ ಬೆವತು ಕಪ್ಪಾಗುತ್ತದೆ, ಕಪ್ಪಾದದ್ದು ನನ್ನ ಕೆಲಸಕ್ಕೆ ಬಾರದು. ಇದನ್ನು ನಮ್ಮ ಅತ್ತೆಗೆ ಹೇಳಿ ಹೇಳಿ ನನ್ನ ಬಾಯಿ ಸೋತಿತ್ತು. ಅವರು ಮಾತ್ರ ಪಡಸಾಲೆಯಲ್ಲಿ ಬಿಳಿ ಪಂಚೆ ಹಾಸಿಕೊಂಡು ಕೂತು, ಒಂದೊಂದೇ ಗೊಂಚಲು ಎತ್ತಿ, ಮಗುವಿನ ಬೆನ್ನು ತಟ್ಟಿದ ಹಾಗೆ ತಟ್ಟಿ, ಅದರೊಳಗಿನ ಇರುವೆಗಳೆಲ್ಲ ಇಳಿದು ಹೋಗುವವರೆಗೆ ಕಾಯುತ್ತಿದ್ದರು. ಇರುವೆಗಳಿಗೇನು, ಅವಕ್ಕೆ ಪಿಎಚ್‌ಡಿ ಮುಗಿಸುವ ಗಡಿಬಿಡಿ ಇರಲಿಲ್ಲ.

“ಅತ್ತಿ, ಜಾಡಿಸಿ ಅಂಗಳಕ್ಕ ಒಗೀರಿ. ತಾವಽ ಎಲ್ಲೆರ ಹೋಗ್ತಾವು,” ಎನ್ನುತ್ತಿದ್ದೆ.

“ಈ ಬಿಸಲಾಗ ಎಲ್ಲಿ ಹೋಗ್ತಾವ ಬೇ? ನಿನ್ನ ಯಾರರ ಹಿಂಗ ಮನಿಯಿಂದ ಜಾಡಿಸಿ ಒಗದ್ರ ನೀ ಎಲ್ಲಿ ಹೋಗ್ತಿ?”

ನಾನು ಒಳಗೆ ಹೋಗಿ ಚಹಾ ಕಾಸುತ್ತಿದ್ದೆ, ಕಾಸಿದ್ದನ್ನು ಅಲ್ಲೇ ಮರೆತು ಮತ್ತೆ ಹೊರಗೆ ಬರುತ್ತಿದ್ದೆ.

ನಾನು ಚಿಕ್ಕೋಡಿಯ ಒಂದು ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಮನೆ ಅಂಕಲಿಯಲ್ಲಿ. ಗಂಡ ಕಬ್ಬು ಬೆಳೆಯುವವರು, ಸಮಾಧಾನದ ಮನುಷ್ಯ. ಅವರ ಸಮಾಧಾನ ನೋಡಿದರೇ ನನಗೆ ಸಿಟ್ಟು ಬರುತ್ತದೆ. ತವರು ಅಥಣಿಯ ಕಡೆ. ಅಲ್ಲಿ ಕಲ್ಲು ದಿನ್ನೆಗಳ ಮೇಲೆ, ರಸ್ತೆಯ ಎರಡೂ ಬದಿಗೆ ಈ ತರವಡ ತಾನಾಗಿಯೇ ಬೆಳೆದು ಹಳದಿ ಹೂವು ಬಿಟ್ಟಿರುತ್ತದೆ. ಪುಸ್ತಕದಲ್ಲಿ ಇದನ್ನೇ ಆವರಿಕೆ ಅನ್ನುತ್ತಾರೆ. ಹಳಬರು ಇದರ ಹೂವಿನ ಕಷಾಯ ಕುಡಿದು ಸಕ್ಕರೆ ಕಾಯಿಲೆ ಹಿಡಿತದಲ್ಲಿದೆ ಎಂದು ಹೇಳಿಕೊಂಡು ತಿರುಗುತ್ತಾರೆ. ಆ ಮಾತು ಖರೆಯೋ ಸುಳ್ಳೋ ಎಂದು ನೋಡುವುದೇ ನನ್ನ ಸಂಶೋಧನೆ. ಹೂವನ್ನು ಒಣಗಿಸಿ, ಪುಡಿ ಮಾಡಿ, ಮದ್ಯಸಾರದಲ್ಲಿ ನೆನೆಸಿ, ಸೋಸಿ, ಇಂಗಿಸಿದರೆ ಕೊನೆಗೆ ಹಲಸಿನ ಅಂಟಿನಂಥ ಕಂದು ಮುದ್ದೆ ಉಳಿಯುತ್ತದೆ. ಒಂದು ಚೀಲ ಹೂವಿಗೆ ಒಂದು ಬಟ್ಟಲೂ ತುಂಬುವುದಿಲ್ಲ. ಆ ಸಾರ ರಕ್ತದ ಸಕ್ಕರೆಯನ್ನು ಇಳಿಸುತ್ತದೆಯೇ, ಇಳಿಸಿದರೆ ಎಷ್ಟು, ಬೇರೆ ಏನಾದರೂ ಕೆಡಿಸುತ್ತದೆಯೇ ಎಂಬುದನ್ನು ನಾನು ತೋರಿಸಬೇಕಿತ್ತು.

ಅತ್ತೆಗೆ ಬಹಳ ವರ್ಷಗಳಿಂದ ಶುಗರ್. ಬೆಳಿಗ್ಗೆ ಒಂದು ಗುಳಿಗೆ, ಸಂಜೆಯ ಊಟದ ಮುಂಚೆ ಒಂದು. ನಮ್ಮದು ಜೈನರ ಮನೆ, ಸಂಜೆಯ ಊಟವೆಂದರೆ ಹೊತ್ತು ಮುಳುಗುವುದರೊಳಗೆ. ಮುಳುಗಿದ ಮೇಲೆ ಅತ್ತೆ ಒಂದು ತುತ್ತು ಅನ್ನವಿರಲಿ, ಒಂದು ಹನಿ ನೀರೂ ಮುಟ್ಟುವುದಿಲ್ಲ. ನಾನೂ ಜೈನರ ಮಗಳೇ, ಆದರೆ ಕಾಲೇಜಿನಿಂದ ಬಸ್ಸಿನಲ್ಲಿ ಜೋತು ಬಿದ್ದು ಬರುವಷ್ಟರಲ್ಲಿ ಎಷ್ಟೋ ದಿನ ದೀಪ ಹಚ್ಚಿರುತ್ತಾರೆ. ಅಡಿಗೆಮನೆಯ ಮೂಲೆಯಲ್ಲಿ ಬೆನ್ನು ತಿರುಗಿಸಿ ಉಣ್ಣುತ್ತೇನೆ. ಅವರು ನೋಡಿಯೂ ನೋಡದ ಹಾಗೆ ಇರುತ್ತಾರೆ. ಅಷ್ಟರ ಮಟ್ಟಿಗೆ ನಮ್ಮಿಬ್ಬರಿಗೂ ಹೊಂದಿಕೊಂಡಿತ್ತು.

ಅತ್ತೆಯ ಪಾಲಿಗೆ ಈ ಸಂಶೋಧನೆಯೆಲ್ಲ ನಡೆದದ್ದು ಅವರೊಬ್ಬರಿಗಾಗಿ. ಓಣಿಯ ಹೆಂಗಸರಿಗೆಲ್ಲ, “ನಮ್ಮ ಸೊಸಿ ಶುಗರಿಗೆ ಔಷಧ ಹುಡಕಾಕತ್ತಾಳ. ಹೂವಾ ನಾನಽ ಸ್ವಚ್ಛ ಮಾಡಿ ಕೊಡ್ತೀನಿ,” ಎಂದು ಹೇಳಿಕೊಳ್ಳುತ್ತಿದ್ದರು. ಬಸದಿಯಿಂದ ಬರುವಾಗ ಯಾರಾದರೂ ಸಿಕ್ಕರೆ, ಅವರೇ ಅರ್ಧ ಡಾಕ್ಟರ್. ಹೂವಿನಿಂದ ಮುಂದೆ ಏನಾಗುತ್ತದೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಜೀವನವಿಡೀ ಇರುವೆಗೆ ದಾರಿ ಬಿಟ್ಟವರ ಮುಂದೆ ಕೂತು ಯಾರು ಹೇಳುತ್ತಾರೆ?

ಹೇಳಿಸಿದ್ದು ಇಲಿ. ಒಂದು ದಿನ ಕಾಲೇಜಿನಲ್ಲಿ ಗೂಡು ಬದಲಿಸುವಾಗ ಬೆರಳಿಗೆ ಕಚ್ಚಿತು. ಪಟ್ಟಿ ಕಟ್ಟಿಕೊಂಡು ಮನೆಗೆ ಬಂದೆ.

“ಏನಾತ ಬೆರಳಿಗೆ?”

“ಇಲಿ ಕಚ್ಚಿತ್ರಿ.”

“ಅಯ್ಯ, ಕಾಲೇಜದಾಗ ಇಲಿ ಆಗ್ಯಾವು? ಅಷ್ಟ ಮಂದಿ ಇದ್ದೀರಿ, ಒಂದ ಬೆಕ್ಕ ಸಾಕಾಕ ಆಗೂದಿಲ್ಲ?”

ಅಲ್ಲಿಗೆ ನಕ್ಕು ಸುಮ್ಮನಾಗಿದ್ದರೆ ಆಗುತ್ತಿತ್ತು. ನನ್ನ ನಾಲಿಗೆ ನನ್ನ ಮಾತು ಯಾವತ್ತು ಕೇಳಿದೆ? “ಅವು ಆಗಿದ್ದಲ್ರಿ, ನಾವಽ ಸಾಕಿದ್ದು,” ಎಂದೆ. ಯಾಕೆ ಸಾಕಿದ್ದು ಎಂದರು. ಔಷಧ ನೋಡಲಿಕ್ಕೆ ಎಂದೆ. ಇಲಿಗೂ ಶುಗರ್ ಬರುತ್ತದೆಯೇ ಎಂದು ಅಚ್ಚರಿಯಿಂದ ಕೇಳಿದರು.

“ತಾನಾಗಿ ಬರೂದಿಲ್ರಿ. ಸೂಜಿ ಚುಚ್ಚಿ ಬರಸ್ತೀವಿ.”

ಅವರು ಕೈಯಲ್ಲಿದ್ದ ಅವರೆಕಾಯಿ ಕೆಳಗಿಟ್ಟರು. “ನೀ ಬರಸ್ತಿ?”

“ಹೌದ್ರಿ.”

“ಆಮ್ಯಾಲ? ಆರಾಮ ಆದ ಮ್ಯಾಲ ಬಿಟ್ಟ ಬಿಡ್ತಿ?”

ನಾನು ಬೆರಳಿನ ಪಟ್ಟಿ ಸರಿಮಾಡಿಕೊಂಡೆ. ಅವರಿಗೆ ಉತ್ತರ ಸಿಕ್ಕಿತು. ಎದ್ದು ಕೈ ತೊಳೆದುಕೊಂಡು ಒಳಗೆ ಹೋದರು. ಅವರೆಕಾಯಿ ನಾನೇ ಸುಲಿದೆ.

ಮರುದಿನದಿಂದ ಹೂವು ಮುಟ್ಟಲಿಲ್ಲ. ಜಗಳ ಆಡಲಿಲ್ಲ, ಆಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಆ ಮಳೆಗಾಲ ಊರ ಬಸದಿಯಲ್ಲಿ ಮುನಿಗಳೊಬ್ಬರು ಚಾತುರ್ಮಾಸಕ್ಕೆ ಉಳಿದಿದ್ದರು. ಬೆಳಿಗ್ಗೆ ಅವರು ಆಹಾರಕ್ಕೆ ಹೊರಟಾಗ ಮನೆಮನೆಯ ಬಾಗಿಲಲ್ಲಿ ಮನೆಯವರು ಕಳಶ ಹಿಡಿದು ನಿಂತು ಕರೆಯುತ್ತಾರೆ. ಮುನಿಗಳು ಯಾರ ಬಾಗಿಲಲ್ಲಿ ನಿಂತರೋ ಅವರ ಪುಣ್ಯ. ಒಳಗೆ ಕರೆದ ಮೇಲೆ ಮನಸ್ಸು ಶುದ್ಧ, ಮಾತು ಶುದ್ಧ, ಕಾಯ ಶುದ್ಧ, ಅನ್ನ ನೀರು ಶುದ್ಧ ಎಂದು ಬಾಯಿಬಿಟ್ಟು ಹೇಳಬೇಕು. ಒಂದು ದಿನ ನಮ್ಮ ಬಾಗಿಲಿಗೂ ಬಂದಾರೆಂದು ಅತ್ತೆ ಬೆಳಗಾಗುವ ಮೊದಲೇ ಬಾವಿಯ ನೀರು ತಂದು ಸೋಸಿ ಅಡಿಗೆ ಮಾಡಿದ್ದರು. ನಾನೂ ಮಡಿಸೀರೆ ಉಟ್ಟು ಬಾಗಿಲಿಗೆ ಬಂದೆ.

“ನೀ ಒಳಗ ಇರು ಯವ್ವಾ,” ಎಂದರು ಮೆಲ್ಲಗೆ. “ಕಾಯ ಶುದ್ಧ ಅನ್ನೂ ಮುಂದ ನನಗ ನಾಲಿಗಿ ತೊಡರ್ತೈತಿ.”

ಒಳಗೆ ಹೋದೆ. ಕೋಣೆಯಲ್ಲಿ ಕೂತು, ಏಳುತ್ತ, ಮತ್ತೆ ಕೂರುತ್ತ, ಹೊರಗಿನ ಸಪ್ಪಳ ಕೇಳಿದೆ. ಮುನಿಗಳು ನಮ್ಮ ಬಾಗಿಲಲ್ಲೇ ನಿಂತರು. ನಮ್ಮ ಮನೆಯಲ್ಲೇ ಆಹಾರವಾಯಿತು. ನನಗೆ ಅವಮಾನವಾಗಿತ್ತು, ಸಿಟ್ಟೂ ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ಅತ್ತೆಯ ಮಾತು ತಪ್ಪೆಂದು ಹೇಳಲು ಒಂದು ವಾಕ್ಯವೂ ಹೊಳೆಯದೆ ಮೈಯೆಲ್ಲ ಪರಚಿಕೊಳ್ಳುವ ಹಾಗಾಗಿತ್ತು. ಸಂಜೆ ಗಂಡನ ಮುಂದೆ ಕೂಗಾಡಿದೆ. ಅವರು, “ಹೋಗ್ಲಿ ಬಿಡು, ಹಳೇ ಮಂದಿ,” ಎಂದು ಹೊಲದ ನೀರು ತಿರುವಲು ಹೋದರು.

ಭಾದ್ರಪದದಲ್ಲಿ ಹತ್ತು ದಿನದ ದಶಲಕ್ಷಣ ಪರ್ವ ಬಂತು. ಪರ್ವದ ದಿನಗಳಲ್ಲಿ ಅತ್ತೆ ಹಗಲಿಗೆ ಒಂದೇ ಊಟ ಮಾಡುತ್ತಾರೆ. ಶುಗರ್ ಇದ್ದವರು ಹೀಗೆ ಮಾಡಬಾರದು ಎಂದು ಪ್ರತಿ ವರ್ಷ ನಾನು ಹೇಳುತ್ತೇನೆ, ಪ್ರತಿ ವರ್ಷ ಅವರು ತಲೆಯಾಡಿಸಿ ತಮ್ಮದೇ ಮಾಡುತ್ತಾರೆ. ಈ ಸಲ ವಿಚಿತ್ರವೆಂದರೆ ತಾವಾಗಿಯೇ ಬೆಳಿಗ್ಗೆ ಬೆರಳು ಮುಂದೆ ಹಿಡಿದು, “ಶುಗರ್ ನೋಡು,” ಅನ್ನತೊಡಗಿದರು. ಹೂವು ಬಿಟ್ಟವರು ಬೆರಳು ಕೊಟ್ಟರಲ್ಲ ಎಂದು ನನಗೆ ಸಂತೋಷ. ಅಂಕಿ ಚೆನ್ನಾಗಿಯೇ ಬರುತ್ತಿತ್ತು. “ಉಪಾಸ ನಿಮಗ ಚಲೋ ಹಿಡದೈತ್ರಿ,” ಎಂದೆ. ಅವರು ತುಟಿಯಂಚಿನಲ್ಲಿ ನಕ್ಕರು. ಮತ್ತೆ ಹೂವಿನ ಪಂಚೆಯ ಹತ್ತಿರ ಬಂದು ಕೂತರು. ಕೂತು, ಒಂದು ಇಲಿಗೆ ಈ ಸಾರ ಎಷ್ಟು ಕೊಡುತ್ತೀ, ಯಾವ ಹೊತ್ತಿನಲ್ಲಿ, ಊಟದ ಮೊದಲೋ ಆಮೇಲೋ ಎಂದು ಒಂದೊಂದೇ ಕೇಳಿದರು. ನಾನು ಪಾಠ ಮಾಡುವವಳು, ಯಾರಾದರೂ ಕೇಳಿದರೆ ಸಾಕು. ಇಲಿಯ ತೂಕಕ್ಕೆ ತಕ್ಕ ಹಾಗೆ ಎಂದು ಉತ್ಸಾಹದಿಂದ ವಿವರಿಸಿದೆ.

ಪರ್ವ ಮುಗಿದ ಮೇಲೆ ಕ್ಷಮಾವಣಿ. ಅಂದು ಎಲ್ಲರೂ ಎಲ್ಲರ ಮುಂದೆ ಕೈ ಮುಗಿದು, ತಿಳಿದೋ ತಿಳಿಯದೆಯೋ ನೋಯಿಸಿದ್ದಕ್ಕೆ ಕ್ಷಮೆ ಕೇಳುತ್ತಾರೆ. ದೊಡ್ಡವರು ಸಣ್ಣವರಿಗೂ ಕೈ ಮುಗಿಯುತ್ತಾರೆ. ಅತ್ತೆ ನನ್ನ ಮುಂದೆ ನಿಂತು ಕೈ ಮುಗಿದರು.

“ಅವತ್ತ ನಿನಗ ಒಳಗ ಇರು ಅಂದೆ. ನಿನಗ ನೋವಾಗಿರಬೇಕು. ಕ್ಷಮಾ ಮಾಡವಾ.”

ಅವರ ಕೈ ಹಿಡಿದುಕೊಂಡೆ. ಎಲ್ಲ ಮುಗಿಯಿತು ಎಂದುಕೊಂಡೆ.

“ಇನ್ನೊಂದ ಮಾತ ಐತಿ,” ಎಂದರು. “ಪರ್ವದ ಮೊದಲನೇ ದಿನ ಬಸದ್ಯಾಗ ನೇಮ ಹಿಡದೀನಿ. ನಮ್ಮ ಸೊಸಿ ಇಲಿ ಬಿಡೂತನಕ ನಾ ಶುಗರಿನ ಔಷಧ ಮುಟ್ಟೂದಿಲ್ಲ ಅಂತ. ಗುಳಗಿ ಬಿಟ್ಟು ಪರ್ವ ಪೂರ್ತಿ ಆತು. ತರವಡದ ಹೂವಿನ ಕಷಾಯ ಅಷ್ಟಽ ಕುಡದೀನಿ. ಅಂಕಿ ನೀನಽ ನೋಡೀದಿ. ಇನ್ನ ಇಲಿ ಯಾಕ ಬೇಕು? ನಾನಽ ಅದೀನಿ. ಅವನ್ನ ಬಿಡು.”

ಮೊದಲು ನನ್ನ ಎದೆ ಹಾರಿದ್ದು ಖುಷಿಗೆ. ಅದನ್ನು ಮುಚ್ಚಿಡುವುದಿಲ್ಲ. ಗುಳಿಗೆಯಿಲ್ಲದೆ ಆ ಅಂಕಿ! ನನ್ನ ಹೂವು! ಮರುಕ್ಷಣವೇ ಹೆದರಿಕೆಯಾಯಿತು. ಹಗಲಿಗೆ ಒಂದೇ ಊಟ ಮಾಡಿದವರ ಅಂಕಿ ಅದು. ಇನ್ನು ನಾಳೆಯಿಂದ ಎರಡೂ ಹೊತ್ತಿನ ಊಟ ಶುರುವಾಗುತ್ತದೆ.

“ಅದು ಉಪಾಸ ಇಳಿಸಿದ್ದು ಅತ್ತಿ. ಹೂವಲ್ಲ.”

“ಹೆಂಗ ಹೇಳ್ತಿ?”

“ಹೇಳಾಕ ಬರೂದಿಲ್ಲ. ಅದಕ್ಕಽ ನಾವು ಒಂದ ಗುಂಪಿಗೆ ಸಾರ ಕೊಡ್ತೀವಿ, ಒಂದಕ್ಕ ಕೊಡೂದಿಲ್ಲ. ಎರಡೂ ಹೋಲಿಸಿ ನೋಡ್ತೀವಿ.”

“ಹಂಗಂದ್ರ ಮುಂದ ಹೂ ಬಿಟ್ಟು ಬರೇ ಉಪಾಸ ಮಾಡ್ತೀನಿ, ನೋಡೂಣು.”

“ಅತ್ತಿ! ನೀವು ಔಷಧ ಬಿಡಾಕ ಬರೂದಿಲ್ಲ. ಮತ್ತ ಕಷಾಯಾನೂ ಔಷಧನಽ ಅಲ್ಲೇನ್ರಿ? ನೇಮ ಎಲ್ಲಿ ಉಳೀತು?”

“ಹೂವು ಔಷಧ ಅಂತ ಸಿದ್ಧ ಆಗೇತೇನು? ಇನ್ನೂ ಆಗಿಲ್ಲ ಅಂತ ನೀನಽ ಅಂತಿ.”

ಪ್ರಬಂಧದ ಪರೀಕ್ಷಕರೂ ನನ್ನನ್ನು ಇಷ್ಟು ಚೆನ್ನಾಗಿ ಕಟ್ಟಿಹಾಕಲಾರರು. ಗಂಡನನ್ನು ಕರೆದೆ. ಅವರು ತಾಯಿಯ ಮುಂದೆ ಬೇಡಿಕೊಂಡರು, ಗದರಿಸಿದರು, ಕೊನೆಗೆ ನನ್ನನ್ನು ಅಡಿಗೆಮನೆಗೆ ಕರೆದು, “ಗುಳಗಿ ಪುಡಿ ಮಾಡಿ ರೊಟ್ಟಿ ಹಿಟ್ಟಿನ್ಯಾಗ ಕಲಸಿಬಿಡು. ಗೊತ್ತಽ ಆಗೂದಿಲ್ಲ,” ಎಂದರು. ಹಿಟ್ಟಿನ ಡಬ್ಬಿಯ ಮುಂದೆ ನಿಂತು ನಾನೂ ಯೋಚಿಸಿದೆ. ಕೇಳದೆ, ಹೇಳದೆ, ಬಾಯಿಗೆ ಔಷಧ ಇಳಿಸುವುದು ನನ್ನ ದಿನದ ಕೆಲಸ, ಗೂಡಿನ ಮುಂದೆ ನಿಂತು ಮಾಡುವುದು ಅದನ್ನೇ. ಮನೆಯಲ್ಲಿ ಅತ್ತೆಗೂ ಅದನ್ನೇ ಮಾಡಲು ಕೈ ಬರಲಿಲ್ಲ.

ಇಲಿಗಳನ್ನು ಬಿಡುವುದೆಂದರೆ ಎಲ್ಲಿಗೆ ಬಿಡುವುದು? ಬಿಳಿ ಮೈ, ಕೆಂಪು ಕಣ್ಣು, ಹುಟ್ಟಿದಂದಿನಿಂದ ಗೂಡು ಬಿಟ್ಟು ಇಳಿದಿಲ್ಲ. ಹೊರಗೆ ಬಿಟ್ಟರೆ ಕಾಗೆಗೂ ಬೆಕ್ಕಿಗೂ ಹಬ್ಬ. ನಾನು ಕೆಲಸ ನಿಲ್ಲಿಸಿದರೂ ಬೇರೆಯವರು ಅವನ್ನೇ ಬಳಸುತ್ತಾರೆ. ಇದೆಲ್ಲ ಹೇಳಿದೆ. “ಅದು ನಿನ್ನ ವಿಚಾರ. ನನ್ನ ನೇಮ ನಂದು,” ಎಂದರು ಅತ್ತೆ.

ಊಟ ಶುರುವಾಯಿತು. ಜೋಳದ ರೊಟ್ಟಿ, ಅನ್ನ, ಯಾರದೋ ಮನೆಯ ಪಾರಣೆಯ ಹೋಳಿಗೆ. ಅಂಕಿ ಏರುತ್ತ ಹೋಯಿತು. ಮೊದಲು ನನಗೆ ಬೆರಳು ಕೊಡುತ್ತಿದ್ದವರು ಆಮೇಲೆ ಕೊಡುವುದನ್ನೇ ಬಿಟ್ಟರು. ಕೊಡದಿದ್ದರೂ ಗೊತ್ತಾಗುತ್ತಿತ್ತು. ಮಧ್ಯಾಹ್ನ ಕಳೆದರೆ ಕಟ್ಟೆಯ ಮೇಲೆ ಪಶ್ಚಿಮಕ್ಕೆ ಮುಖ ಮಾಡಿ ಕೂತು, ಪಕ್ಕದಲ್ಲಿ ನೀರಿನ ತಂಬಿಗೆ ಇಟ್ಟುಕೊಂಡು, ಕುಡಿಯುತ್ತಲೇ ಇರುತ್ತಿದ್ದರು. ಹೊತ್ತು ಮುಳುಗುವುದರೊಳಗೆ ರಾತ್ರಿಯ ನೀರನ್ನೂ ಹೊಟ್ಟೆಗೆ ತುಂಬಿಕೊಳ್ಳುವ ಆತುರ. ಕಬ್ಬಿನ ಗದ್ದೆಯ ಆಚೆ ಸೂರ್ಯ ಕೆಳಗಿಳಿದ ಹಾಗೆ ಅವರು ತಂಬಿಗೆ ಎತ್ತುವುದು ಹೆಚ್ಚುತ್ತಿತ್ತು. ಅವರ ಮುಖ ಸೊರಗಿತ್ತು, ಬಳೆ ಮೊಣಕೈಯ ತನಕ ಜಾರುತ್ತಿದ್ದವು.

ನನಗೆ ಕಾಲೇಜಿನಲ್ಲಿ ಪಾಠ ಹತ್ತದು, ಮನೆಯಲ್ಲಿ ಊಟ ಹತ್ತದು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಸೂರ್ಯ ಎಲ್ಲಿದ್ದಾನೆ ಎಂದು ನೋಡುವುದೇ ಕೆಲಸವಾಯಿತು. ಬಸ್ಸು ಸ್ಟ್ಯಾಂಡಿನಲ್ಲಿ ಸ್ವಲ್ಪ ಹೆಚ್ಚು ನಿಂತರೆ ಕಂಡಕ್ಟರನ ಜೊತೆ ಜಗಳ. ಒಮ್ಮೆ ಎಲ್ಲ ಬಿಟ್ಟುಬಿಡೋಣ, ಪಿಎಚ್‌ಡಿ ಇಲ್ಲದೆ ಯಾರೂ ಸತ್ತಿಲ್ಲ ಅನ್ನಿಸುತ್ತಿತ್ತು. ಮತ್ತೆ, ನಾನು ಬಿಟ್ಟರೆ ಈ ಹೂವಿನ ಮಾತು ಹಾಗೇ ಉಳಿದು, ರಾಯಬಾಗದಲ್ಲಿ, ನಿಪ್ಪಾಣಿಯಲ್ಲಿ, ಇನ್ನೆಲ್ಲೋ ಇನ್ನೊಬ್ಬರ ಅತ್ತೆ ಗುಳಿಗೆ ಬಿಟ್ಟು ಇದನ್ನೇ ಕುಡಿಯುತ್ತಾ ಕೂರುತ್ತಾಳೆ ಅನ್ನಿಸುತ್ತಿತ್ತು. ಇದಕ್ಕೂ ಅದಕ್ಕೂ ನಡುವೆ ನಾನು ಬೀಸುಕಲ್ಲಿಗೆ ಸಿಕ್ಕ ಕಾಳಾಗಿದ್ದೆ.

ಒಂದು ಸಂಜೆ ನಾನು ಮನೆ ಮುಟ್ಟಿದಾಗ ಹೊತ್ತು ಆಗಷ್ಟೇ ಮುಳುಗಿತ್ತು. ಅತ್ತೆ ಕಟ್ಟೆಯ ಕಂಬಕ್ಕೆ ಒರಗಿದ್ದರು. ಕರೆದರೆ ಕಣ್ಣು ತೆರೆದರು, ನನ್ನನ್ನು ಗುರುತು ಹಿಡಿಯಲು ಹೊತ್ತು ಹಿಡಿಯಿತು. ತುಟಿ ಸೀಳಿದ್ದವು. ನಾಲಿಗೆ ಒಣಗಿ ಮಾತು ಅಂಟಂಟಾಗಿ ಬರುತ್ತಿತ್ತು. ತಂಬಿಗೆ ಖಾಲಿಯಾಗಿ ಉರುಳಿತ್ತು. ನೀರು ತಂದು ತುಟಿಗೆ ಹಿಡಿದೆ. ಮುಖ ತಿರುಗಿಸಿದರು.

“ಹೊತ್ತ ಮುಳಗೇತಿ.”

“ಕುಡೀರಿ ಅತ್ತಿ, ಕೈ ಮುಗೀತೀನಿ.”

“ಮುಳಗೇತಿ.”

ನನಗೆ ತಲೆ ಕೆಟ್ಟಿತು. ಓಣಿಗೆಲ್ಲ ಕೇಳುವ ಹಾಗೆ ಕೂಗಿದೆ: “ನನ್ನ ಇಲಿಗೋಳ ಮುಂದ ಹಗಲು ರಾತ್ರಿ ನೀರ ಇಟ್ಟಿರ್ತೀನ್ರಿ! ಅವಕ್ಕಿಂತ ಕಡೇ ಏನ್ರಿ ನೀವು?”

“ಅವು ನೇಮ ಹಿಡದಿಲ್ಲ,” ಎಂದರು. ಕಣ್ಣು ಮುಚ್ಚಿದರು.

ಗಂಡ ಹೊಲದಿಂದ ಓಡಿ ಬಂದರು. ಪಕ್ಕದ ಮನೆಯವರ ಕಾರಿನಲ್ಲಿ ಹಾಕಿಕೊಂಡು ಚಿಕ್ಕೋಡಿಯ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಅವರ ತಲೆ ನನ್ನ ತೊಡೆಯ ಮೇಲಿತ್ತು. ಉಸಿರಿಗೆ ಹಣ್ಣು ಕೊಳೆತ ವಾಸನೆ ಇತ್ತು. ಶುಗರ್ ಕೈ ಮೀರಿ ರಕ್ತ ಹುಳಿಯಾದಾಗ ಬರುವ ವಾಸನೆ ಅದು ಎಂದು ನಾನು ಪ್ರತಿ ವರ್ಷ ಮಕ್ಕಳಿಗೆ ಪಾಠದಲ್ಲಿ ಹೇಳುತ್ತೇನೆ. ಅವರು ಸಾಯುತ್ತಾರೆ ಎಂದು ಹೆದರಿದೆ, ಎಂದೂ ಹಾಗೆ ಹೆದರಿರಲಿಲ್ಲ.

ಸಲೈನು ಹಚ್ಚಿದರು, ಇನ್ಸುಲಿನ್ ಕೊಟ್ಟರು. ಬೆಳಿಗ್ಗೆ ಅತ್ತೆ ಕಣ್ಣು ಬಿಟ್ಟು ಮೊದಲು ನೋಡಿದ್ದು ಮೇಲೆ ತೂಗುತ್ತಿದ್ದ ಬಾಟಲಿಯನ್ನು.

“ಅದರಾಗೇನೈತಿ?”

“ಉಪ್ಪಿನ ನೀರ್ರಿ.”

“ರಾತ್ರಿಯೆಲ್ಲಾ ಹಾಕ್ಯಾರ?”

“ಹೌದ್ರಿ.”

ನಳಿಗೆ ತಮ್ಮ ಕೈಗೆ ಬಂದು ಸೇರಿದ್ದನ್ನು ನೋಡಿಕೊಂಡರು. “ಬಾಯಿಂದಂತೂ ಕುಡದಿಲ್ಲಲಾ,” ಎಂದರು. ನನಗೆ ನಗುವೂ ಬಂತು, ಅಳುವೂ ಬಂತು, ಎರಡನ್ನೂ ಒಟ್ಟಿಗೆ ಮಾಡಿದೆ. ಇನ್ಸುಲಿನ್ನಿನ ವಿಷಯ ಹೇಳಿದಾಗ, ಎಚ್ಚರ ತಪ್ಪಿದ್ದಾಗ ಮಾಡಿದ್ದು ತಮ್ಮದಲ್ಲ, ಇನ್ನು ಮೇಲೆ ಬೇಡ ಎಂದರು. ಹೇಗೋ ಕಾಡಿ ಬೇಡಿ, ಆಸ್ಪತ್ರೆಯಲ್ಲಿ ಇರುವಷ್ಟು ದಿನ ಡಾಕ್ಟರು ಹೇಳಿದ ಹಾಗೆ ಕೇಳಲು ಒಪ್ಪಿಸಿದೆವು. ಮನೆಗೆ ಹೋದ ಮೇಲೆ ತಮ್ಮ ನೇಮ ತಮಗೆ ಎಂದು ಮೊದಲೇ ಹೇಳಿಬಿಟ್ಟರು. ಕಳಿಸುವ ದಿನ ಡಾಕ್ಟರು, “ಅವ್ವಾರ, ಈ ಸಲ ಉಳದೀರಿ. ಗುಳಗಿ ಬಿಟ್ಟು ಮತ್ತ ಹಿಂಗ ಬಂದ್ರ ನಾ ಏನೂ ಹೇಳಾಕ ಬರೂದಿಲ್ಲ,” ಎಂದು ಗುಳಿಗೆಯ ಚೀಟಿ ಬರೆದು ಕೊಟ್ಟರು. ಅತ್ತೆ ವಿನಯದಿಂದ ಕೈ ಮುಗಿದರು. ಗುಳಿಗೆಯ ಪಾಕೀಟನ್ನು ಗಂಡ ಅವರ ಕೈಚೀಲಕ್ಕೆ ಹಾಕಿದರು.

ಆಸ್ಪತ್ರೆಯ ಗೇಟಿನಲ್ಲಿ ಗಂಡ ನನ್ನನ್ನು ಬದಿಗೆ ಎಳೆದರು. “ಇಲಿ ಬಿಟ್ಟೀನಿ ಅಂತ ಹೇಳಿಬಿಡು. ಮುಗೀತು. ಅವ್ವ ಏನು ಎಣಸಾಕ ಹೋಗ್ತಾಳ?”

ಒಂದೇ ಮಾತು. ಸಂಜೆಯಿಂದಲೇ ಗುಳಿಗೆ ಶುರು. ನಾನು ಬಾಯಿ ತೆರೆದೆ. ಕಾರಿನ ಹಿಂದಿನ ಸೀಟಿನಲ್ಲಿ ಅತ್ತೆ ಸೆರಗು ಸರಿಮಾಡಿಕೊಂಡು, ನಾನು ಏನು ಹೇಳಿದರೂ ನಂಬುವ ಮುಖ ಮಾಡಿಕೊಂಡು ಕೂತಿದ್ದರು. ಆ ಮುಖಕ್ಕೆ ಸುಳ್ಳು ಹೇಳಲಾಗಲಿಲ್ಲ. ನನಗೆ ಸಿಟ್ಟು ಬಂತು, ನನ್ನ ಮೇಲೋ ಅವರ ಮೇಲೋ ತಿಳಿಯದು.

“ಗಾಡಿ ಕಾಲೇಜಿಗೆ ತಿರವ್ರಿ,” ಎಂದೆ. “ಅತ್ತಿ, ಯಾವ ಇಲಿ ಸಲುವಾಗಿ ಸಾಯಾಕ ನಿಂತೀರಿ, ಅದನ್ನ ನೋಡೇ ಸಾಯ್ರಿ.”

ನಮ್ಮ ಮಾರ್ಗದರ್ಶಕರಿಗೆ ಫೋನು ಮಾಡಿದೆ. ಇದೇನು ಜಾತ್ರೆಯೇ, ಮನೆಮಂದಿಯನ್ನೆಲ್ಲ ಕರೆತರಲಿಕ್ಕೆ ಎಂದು ಸಿಡಿಮಿಡಿಗೊಂಡರು. ವಿಷಯ ಹೇಳಿದ ಮೇಲೆ, ಸ್ವಲ್ಪ ಹೊತ್ತು ಮಾತ್ರ, ಯಾವುದನ್ನೂ ಮುಟ್ಟಬಾರದು ಎಂದು ಒಪ್ಪಿದರು. ಅತ್ತೆಗೆ ಮೇಲಂಗಿ ಹಾಕಿಸಿ, ಟೊಪ್ಪಿಗೆ ಕಟ್ಟಿ, ಬಾಯಿಗೆ ಮಾಸ್ಕ್ ಹಾಕಿದೆ. ಮಾಸ್ಕ್ ಮುಟ್ಟಿ ನೋಡಿ, “ಇದೊಂದ ಚಲೋ ಐತಿ. ಸಣ್ಣ ಜೀವ ಬಾಯಾಗ ಹೋಗೂದಿಲ್ಲ,” ಎಂದರು.

ಒಳಗೆ ತಂಪಾಗಿತ್ತು. ಗೂಡಿಗೆ ಹಾಸಿದ ಹೊಟ್ಟಿನ ವಾಸನೆ, ಸಣ್ಣ ಸಣ್ಣ ಸಪ್ಪಳ. ಅತ್ತೆ ಬಾಗಿಲಲ್ಲೇ ನಿಂತರು. ಅವರು ನೆನೆಸಿಕೊಂಡಿದ್ದು ಧಾನ್ಯದ ಕೋಣೆಯ ಕರಿ ಇಲಿಗಳನ್ನೋ ಏನೋ. ಗೂಡಿನಲ್ಲಿ ಬಿಳಿ ಇಲಿಗಳು ಹಿಂಗಾಲ ಮೇಲೆ ನಿಂತು ಅವರನ್ನು ನೋಡಿದವು.

“ಯಾವ ಗುಂಪು ಯಾವುದು?” ಎಂದು ಕೇಳಿದರು.

ನಾನು ತೋರಿಸಿದೆ. ಇವಕ್ಕೆ ಏನೂ ಆಗಿಲ್ಲ, ಆರಾಮ ಇದ್ದಾವೆ. ಇವಕ್ಕೆ ಶುಗರ್ ಬರಿಸಿ ಹೂವಿನ ಸಾರ ಕೊಡುತ್ತೇವೆ. ಇವಕ್ಕೆ ನೀವು ನುಂಗುವಂಥದೇ ಗುಳಿಗೆ.

“ಇವಕ್ಕ?”

ಕೊನೆಯ ಸಾಲಿನ ಗೂಡುಗಳ ಮುಂದೆ ಅವರು ನಿಂತಿದ್ದರು. ಅಲ್ಲಿದ್ದ ಒಂದು ಇಲಿ ಸೊರಗಿ, ಮೈಯ ಕೂದಲು ಹೊಳಪು ಕಳೆದುಕೊಂಡು, ಗೂಡಿಗೆ ಸಿಕ್ಕಿಸಿದ ಬಾಟಲಿಯ ನಳಿಗೆಗೆ ಬಾಯಿ ಹಚ್ಚಿಕೊಂಡಿತ್ತು. ನೀರಿನಲ್ಲಿ ಗುಳ್ಳೆ ಏಳುತ್ತಿತ್ತು.

“ಇವಕ್ಕ ಶುಗರ್ ಬರಸೇವಿ. ಔಷಧ ಏನೂ ಕೊಡೂದಿಲ್ಲ. ಬರೇ ನೀರ್ರಿ.”

“ಏನೂ ಕೊಡದ ಸುಮ್ನ ನೋಡ್ತಿ?”

“ಹೌದ್ರಿ. ಇವು ಇಲ್ದಿದ್ರ ಉಳಿದಾವಕ್ಕ ಎಷ್ಟ ಗುಣ ಆತು ಅಂತ ಗೊತ್ತಾಗೂದಿಲ್ಲ.” ನನ್ನ ದನಿ ಗಟ್ಟಿಯಾಗಿರಲಿ ಎಂದುಕೊಂಡೆ, ಆಗಲಿಲ್ಲ.

ಅತ್ತೆ ಬಗ್ಗಿದರು. ಇಲಿ ಬಾಯಿ ತೆಗೆದು, ಒಂದು ಸುತ್ತು ಹಾಕಿ, ತಿರುಗಿ ಬಂದು ಮತ್ತೆ ನಳಿಗೆಗೆ ಬಾಯಿ ಹಚ್ಚಿತು. ಮತ್ತೆ ಬಿಟ್ಟಿತು. ಮತ್ತೆ ಬಂತು. ಅತ್ತೆ ಬಹಳ ಹೊತ್ತು ನೋಡಿದರು. ಅವರ ಕೈ ತಾನಾಗಿ ತಮ್ಮ ಗಂಟಲಿಗೆ ಹೋಯಿತು.

“ಎಷ್ಟ ಕುಡದ್ರೂ ಹೋಗೂದಿಲ್ಲ ಆ ನೀರಡಿಕಿ,” ಎಂದರು.

ಈಗ ಬೈಯುತ್ತಾರೆ, ಶಾಪ ಹಾಕುತ್ತಾರೆ, ಹಾಕಲಿ ಎಂದು ನಿಂತಿದ್ದೆ. ಅವರು ಹೊರಗಿನ ಬೆಂಚಿಗೆ ಬಂದು ಮಾಸ್ಕ್ ಇಳಿಸಿ ಕೂತರು. ಗಾಜಿನ ಬಾಗಿಲಿನಿಂದ ಆ ಗೂಡು ಕಾಣುತ್ತಿತ್ತು. ಕೈಚೀಲ ತೊಡೆಯ ಮೇಲೆ ಇಟ್ಟುಕೊಂಡು ಅದರ ದಾರ ಬಿಚ್ಚಿದರು, ಕಟ್ಟಿದರು, ಮತ್ತೆ ಬಿಚ್ಚಿದರು.

“ನನ್ನಿಂದ ಆಗೂದಿಲ್ಲವಾ,” ಎಂದರು. “ನಾ ಭಾಳ ಗಟ್ಟಿ ಅಂತ ತಿಳಕೊಂಡಿದ್ದೆ. ಅವತ್ತಿನ ನೀರಡಿಕಿ ಇನ್ನೊಮ್ಮೆ ತಡ್ಯಾಕ ಆಗೂದಿಲ್ಲ ನನಗ.”

ಪಾಕೀಟಿನಿಂದ ಒಂದು ಗುಳಿಗೆ ಬಿಡಿಸಿ ಅಂಗೈಯಲ್ಲಿ ಇಟ್ಟುಕೊಂಡರು. ಎದ್ದು ಗಾಜಿನ ಬಾಗಿಲ ಮುಂದೆ ನಿಂತರು. ಎರಡೂ ಕೈ ಜೋಡಿಸಿದರು, ಗುಳಿಗೆ ಕೈಗಳ ನಡುವೆಯೇ ಇತ್ತು.

“ನನಗ ಗುಳಗಿ ಐತಿ. ನಿನಗಿಲ್ಲ,” ಎಂದರು, ಆ ಇಲಿಗೆ, ಎದುರಿಗಿದ್ದ ಮನುಷ್ಯರಿಗೆ ಹೇಳಿದ ಹಾಗೆ. “ನಿನ್ನ ಸಲುವಾಗಿ ಹಿಡದ ನೇಮ ಮುರ್ಯಾಕತ್ತೀನಿ. ಕ್ಷಮಾ ಮಾಡು.”

ನಾನು ಓಡಿಹೋಗಿ ನೀರು ತಂದೆ. ಓಡುವ ಭರದಲ್ಲಿ ಅರ್ಧ ಚೆಲ್ಲಿತು. ಅವರು ಕಿಟಕಿಯತ್ತ ಮುಖ ಮಾಡಿದರು. ಗೋಡೆಯ ಮೇಲೆ ಇನ್ನೂ ಬಿಸಿಲಿತ್ತು. ಗುಳಿಗೆ ಬಾಯಿಗೆ ಹಾಕಿಕೊಂಡು ನುಂಗಿದರು. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು, ನನ್ನ ಕಣ್ಣಿಂದಲೂ. ಗೆದ್ದ ಖುಷಿ ನನಗೆ ಒಂದಿಷ್ಟೂ ಆಗಲಿಲ್ಲ.

“ಇನ್ನೊಂದ ಗ್ಲಾಸ್ ಕುಡೀರಿ ಅತ್ತಿ. ಹೊತ್ತ ಮುಳಗಾಕ ಇನ್ನೂ ಟೈಮ್ ಐತಿ.”

ಕುಡಿದರು. ಗಾಜಿನ ಆಚೆ ಅದೂ ಕುಡಿಯುತ್ತಲೇ ಇತ್ತು.